ಪಪ್ಪಿ ಲಿನಕ್ಸ್ ಹಂಚೋಕೆ ಯಾವ ಡಿಸ್ಕ್? 6 ವರ್ಷ ಆದ್ಮೇಲೂ ನನ್ನ ಓಟು ಸಿಡಿ-ಆರ್‌ಗೇ

ಪಪ್ಪಿ ಅಂದ್ರೆ ಹಳೇ ಕಂಪ್ಯೂಟರಲ್ಲೂ ಓಡೋ ಪುಟ್ಟ ಫ್ರೀ ಆಪರೇಟಿಂಗ್ ಸಿಸ್ಟಮ್, ಸಿಡಿ-ಆರ್ ಅಂದ್ರೆ ಒಂದೇ ಸಲ ಬರಿಯೋಕಾಗೋ ಸಿಡಿ. ಮೊದ್ಲೇ ಹೇಳ್ಬಿಡ್ತೀನಿ, ಹೊಸ ಲ್ಯಾಪ್‌ಟಾಪ್ ಇರೋರು ಪೆನ್‌ಡ್ರೈವ್‌ಗೇ ಹಾಕ್ಕೊಳ್ಳಿ. ನಾನು ಹಂಚೋದು ನಮ್ಮ ಕಡೆ ಹೈಸ್ಕೂಲ್ ಲ್ಯಾಬ್‌ಗಳಿಗೆ. ಅಲ್ಲಿರೋದು ಪೆಂಟಿಯಂ 4, 512 ಎಂಬಿ ರಾಮ್, ಎಷ್ಟೋ ಮಷೀನಲ್ಲಿ ಯುಎಸ್‌ಬಿಯಿಂದ ಬೂಟ್ ಆಗೋ ಆಪ್ಶನ್ನೇ ಇಲ್ಲ, ಡ್ರೈವೂ ಬರೀ ಸಿಡಿದು, ಡಿವಿಡಿ ಹಾಕಿದ್ರೆ ಗಿರ್ರ್ ಅಂತ ಸುತ್ತಿ ಸುಮ್ನಾಗುತ್ತೆ. ಅಂದ್ರೆ 700 ಎಂಬಿ ಒಳಗೇ ಮುಗೀಬೇಕು. ಇನ್ನೊಂದು ಲಿನಕ್ಸ್ ಆದ ಉಬುಂಟುದವ್ರು ಒಂದು ಕಾಲದಲ್ಲಿ ಮನೆ ಬಾಗ್ಲಿಗೇ ಫ್ರೀ ಸಿಡಿ ಕಳಿಸ್ತಿದ್ರು, 2011ರಲ್ಲಿ ಅದು ನಿಂತೋಯ್ತು, 12.10 ವರ್ಷನ್ ಬಂದಾಗಿಂದ ಉಬುಂಟು ಸಿಡೀಲಿ ಹಿಡಿಸೋದೂ ಇಲ್ಲ. ನಾನಿಟ್ಕೊಂಡಿರೋ ಹಳೇ ಪಪ್ಪಿ 200 ಎಂಬಿ ಒಳಗೇ ಇದೆ, ಕನ್ನಡ ಓದೋಕಾಗ್ಲಿ ಅಂತ ಲೋಹಿತ್ ಫಾಂಟ್ ಸೇರಿಸಿ ರೀಮಾಸ್ಟರ್ ಮಾಡ್ಕೊಂಡಿದೀನಿ, ಅಂದ್ರೆ ನನ್ನದೇ ಸಿಡಿ ಪ್ರತಿ ಕಟ್ಕೊಂಡಿದೀನಿ.

ಶುರೂಲಿ ದುಡ್ಡು ಉಳಿಯುತ್ತೆ ಅಂತ ಸಿಡಿ-ಆರ್‌ಡಬ್ಲ್ಯೂ ತಗೊಂಡೆ. ಹೊಸ ವರ್ಷನ್ ಬಂದ್ರೆ ಅಳಿಸಿ ಮತ್ತೆ ರೈಟ್ ಮಾಡ್ಬಹುದಲ್ಲ. ಮನೇಲಿ ಚೆನ್ನಾಗೇ ಬೂಟ್ ಆಯ್ತು. ಶಾಲೇಲಿ 14 ಮಷೀನಿಗೆ ಹಾಕಿದ್ರೆ ಎದ್ದಿದ್ದು 5 ಮಾತ್ರ. ಮಕ್ಳು ಸಾಲಾಗಿ ಕಾಯ್ತಾ ಕೂತಿದಾರೆ, ಕಪ್ಪು ಸ್ಕ್ರೀನ್ ಮೇಲೆ ಬರೀ ಕರ್ಸರ್ ಮಿಟುಕ್ತಿದೆ, ಒಬ್ಬಳು ಹುಡುಗಿ "ಸಾರ್, ನಮ್ದು ಯಾವಾಗ ಬರುತ್ತೆ" ಅಂತ ಮೂರು ಸಲ ಕೇಳಿದ್ಳು. ಆ ಬೇಜಾರು ಇನ್ನೂ ಹೋಗಿಲ್ಲ. ಸಿಡಿ-ಆರ್ ಮೇಲೆ ಬಿದ್ದ ಬೆಳಕಲ್ಲಿ 65 ಪರ್ಸೆಂಟ್‌ಗೂ ಮೇಲೆ ವಾಪಸ್ ಬರುತ್ತೆ, ಆರ್‌ಡಬ್ಲ್ಯೂದಲ್ಲಿ ಬರೋದು 15ರಿಂದ 25 ಅಷ್ಟೇ, ಹಳೇ ಡ್ರೈವಿನ ಲೆನ್ಸ್‌ಗೆ ಅದು ಸಾಲಲ್ಲ. ಡಬ್ಬದ ಮೇಲೆ ಸಾವಿರ ಸಲ ಬರೀಬಹುದು ಅಂತ ಹಾಕಿರ್ತಾರೆ, ಒಂದು ಸಲಾನೂ ಓದ್ದಿದ್ರೆ ಏನು ಪ್ರಯೋಜನ?

ಅವತ್ತಿಂದ ಸಿಡಿ-ಆರ್ ಬಿಟ್ಟು ಬೇರೇದು ಮುಟ್ಟಿಲ್ಲ. ಸ್ಪಿಂಡಲ್, ಅಂದ್ರೆ ಕಡ್ಡಿಗೆ ಪೋಣಿಸಿದ ಡಿಸ್ಕ್‌ಗಳ ಡಬ್ಬ, ತಗೊಂಡ್ರೆ ಒಂದಕ್ಕೆ 12 ರೂಪಾಯಿ ಬೀಳ್ತಿತ್ತು, ಅಷ್ಟಕ್ಕಾದ್ರೆ ಮಕ್ಳ ಕೈಗೇ ಕೊಟ್ಟು ಬರಬಹುದಿತ್ತು. ಭಾನುವಾರ ಬೆಳಿಗ್ಗೆ ಕಾಫಿ ಕುಡ್ಕೊಂಡು 5 ಡಿಸ್ಕ್ ರೈಟ್ ಮಾಡ್ತೀನಿ, ಅವಸರ ಇಲ್ಲ, 8ಎಕ್ಸ್ ಸ್ಪೀಡಲ್ಲೇ. ಮುಗಿದ್ಮೇಲೆ ಪ್ರತಿಯೊಂದನ್ನೂ ವೆರಿಫೈ ಮಾಡಿ, ಹಳೇ ಪಂಚೆ ತುಂಡಲ್ಲಿ ಮಧ್ಯದಿಂದ ಅಂಚಿನ ಕಡೆ ನೇರಕ್ಕೆ ಒರೆಸಿ, ಮಾರ್ಕರ್‌ನಲ್ಲಿ ತಾರೀಖು ಬರೀತೀನಿ. ಬಾಲ್ ಪೆನ್ ಬೇಡ್ವೇ ಬೇಡ, ಸಿಡೀಲಿ ಡೇಟಾ ಪದರ ಇರೋದು ಹೆಸರು ಬರಿಯೋ ಮೈಯ ಅಡೀಲೇ, ಗೀಚಿದ್ರೆ ಹೋಯ್ತು. ಕವರ್‌ಗೆ ಹಳೇ ಕ್ಯಾಲೆಂಡರ್ ಹಾಳೆ.

ಆದ್ರೆ ನಂಗೆ ಎಲ್ಲಕ್ಕಿಂತ ಖುಷಿ ಕೊಟ್ಟಿದ್ದು ಬೇರೇನೇ. ಪಪ್ಪಿ ಪೂರ್ತಿ ರಾಮ್‌ಗೆ ಹತ್ಕೊಂಡ್ಮೇಲೆ ಡಿಸ್ಕ್ ಹೊರಗೆ ತೆಗೀಬಹುದು, ಮಷೀನ್ ಪಾಡಿಗೆ ಮಷೀನ್ ನಡೀತಿರುತ್ತೆ. ಇದು ಗೊತ್ತಾಗಿದ್ದು ಒಂದಿನ ಉಳಿದ ಡಿಸ್ಕೆಲ್ಲ ಮನೇಲೇ ಮರೆತು ಬಂದಿದ್ದಾಗ. ಮೊದಲ್ನೇ ಮಷೀನಿಗೆ ಹಾಕಿ, ಡೆಸ್ಕ್‌ಟಾಪ್ ಬಂದ್ಮೇಲೆ ತೆಗೆದು ಪಕ್ಕದ್ದಕ್ಕೆ, ಆಮೇಲೆ ಅದರ ಪಕ್ಕದ್ದಕ್ಕೆ, ಹೀಗೆ ಒಂದೇ ಡಿಸ್ಕಲ್ಲಿ 14ನ್ನೂ ಎಬ್ಬಿಸಿದ್ವಿ. ಕೊನೇ ಸಾಲಿಗೆ ಬರೋ ಹೊತ್ತಿಗೆ ಡಿಸ್ಕ್ ಕೈಗೆ ಬಿಸಿ ತಾಕ್ತಿತ್ತು, ಯಾರು ಹಾಕೋದು ಅಂತ ಮಕ್ಳು ಸರದಿ ಮಾಡ್ಕೊಂಡಿದ್ರು.

ಈಗ ನಮ್ಮೂರ ಅಂಗಡೀಲಿ ಸ್ಪಿಂಡಲ್ ತರಿಸೋದೇ ನಿಲ್ಸಿದಾರೆ. ಕೊನೇ ಸಲ ತಂದಿದ್ರಲ್ಲಿ 37 ಉಳಿದಿದೆ, ಬೀರುವಿನ ತಳದಲ್ಲಿ ಬಿಸಿಲು ತಾಕ್ದಂಗೆ ಇಟ್ಟಿದೀನಿ.