ಬರಿಗಾಲಲ್ಲಿ ಶ್ರವಣಬೆಳಗೊಳ: ಕಲ್ಲಿಗೆ ಪೂರ್ತಿ ಅಂಕ, ಸಾಕ್ಸಿಗೆ ಅರ್ಧ

ವಿಂಧ್ಯಗಿರಿಯ ಬುಡದಲ್ಲಿ ಚಪ್ಪಲಿ ಕಳಚುವಷ್ಟರಲ್ಲೇ ಸಾಕ್ಸ್ ಮಾರುವವರು ಎದುರಾಗುತ್ತಾರೆ. ಮೇಲೆ ಕಾಲು ಸುಡುತ್ತದೆ ಎಂಬ ಅವರ ಮಾತು ಸುಳ್ಳಲ್ಲ. ಆದರೆ ಆ ಮಾತು ನಿಜವಾಗುವ ಹೊತ್ತಿನಲ್ಲಿ ನೀವು ಮೆಟ್ಟಿಲ ಮೇಲಿದ್ದರೆ ಹೊರಟ ಸಮಯವೇ ತಪ್ಪಿದೆ ಎಂದರ್ಥ. ಬರಿಗಾಲ ನಡಿಗೆಯ ಸುಖವನ್ನೂ ಫಜೀತಿಯನ್ನೂ ಒಂದೇ ಬೆಳಗಿನಲ್ಲಿ ತೋರಿಸಿಕೊಡುವ ಜಾಗ ಕರ್ನಾಟಕದಲ್ಲಿ ಇದಕ್ಕಿಂತ ಇನ್ನೊಂದಿಲ್ಲ. ಗೊಮ್ಮಟನ ಚೆಲುವಿನ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ. ಈ ವಿಮರ್ಶೆ ಅಂಗಾಲಿನದು.

ದೊಡ್ಡಬೆಟ್ಟ, ಚಿಕ್ಕಬೆಟ್ಟ ಎರಡರಲ್ಲೂ ಪಾದರಕ್ಷೆ ನಿಷಿದ್ಧ. ದೊಡ್ಡಬೆಟ್ಟ ಎಂದರೆ ವಿಂಧ್ಯಗಿರಿ: ಬುಡದಿಂದ ಸುಮಾರು 470 ಅಡಿ ಎತ್ತರ, 650ರ ಆಸುಪಾಸು ಮೆಟ್ಟಿಲು. ಭಾಗಿಸಿ ನೋಡಿದರೆ ಮೆಟ್ಟಿಲೊಂದಕ್ಕೆ ಒಂದು ಗೇಣು ಏರು. ಬಹುಪಾಲು ಮೆಟ್ಟಿಲುಗಳನ್ನು ಬಂಡೆಯಲ್ಲೇ ಕಡಿದಿದ್ದಾರೆ. ತಲೆಮಾರುಗಳ ಕಾಲು ತಾಗಿ ನಡುಭಾಗ ನುಣ್ಣಗಾಗಿದೆ, ಅಂಚಿನ ಕಡೆ ಇನ್ನೂ ತರಿತರಿ ಉಳಿದಿದೆ. ಒಣಗಿದ ಗ್ರಾನೈಟ್ ಬರಿಗಾಲಿಗೆ ಕೊಡುವ ಹಿಡಿತವನ್ನು ಯಾವ ಶೂ ಅಟ್ಟೆಯೂ ಕೊಡಲಾರದು. ಹೆಬ್ಬೆರಳು ಕಲ್ಲಿನ ಏರುತಗ್ಗನ್ನು ತಾನೇ ಹುಡುಕಿಕೊಂಡು ಒತ್ತುತ್ತದೆ, ಮಿಕ್ಕ ಬೆರಳು ಅಗಲವಾಗಿ ಹರಡಿ ತೂಕ ಹಂಚಿಕೊಳ್ಳುತ್ತವೆ. ಬೆಳಗಿನ ಏಳರ ಹೊತ್ತಿಗೆ ರಾತ್ರಿಯ ತಂಪು ಕಲ್ಲಿನಲ್ಲಿ ಇನ್ನೂ ಇರುತ್ತದೆ. ಆ ತಣ್ಣನೆಯ ಕಲ್ಲನ್ನು ಮೆಟ್ಟಿ ಹತ್ತುವ ಅರ್ಧ ಗಂಟೆಗಾಗಿಯೇ ಊರಲ್ಲಿ ರಾತ್ರಿ ಉಳಿಯಬಹುದು.

ಅದೇ ಕಲ್ಲು ಹನ್ನೊಂದು ಗಂಟೆಗೆ ಬೇರೆಯೇ ಆಗಿರುತ್ತದೆ. ಗ್ರಾನೈಟ್ ಶಾಖವನ್ನು ಚೆನ್ನಾಗಿ ಹಾಯಿಸುವ ಕಲ್ಲು. ಮರದ ಹಲಗೆಯೂ ಬಂಡೆಯೂ ಒಂದೇ ಉಷ್ಣತೆಯಲ್ಲಿದ್ದರೂ ಬಂಡೆಯೇ ಹೆಚ್ಚು ಸುಡುವುದು, ಅದು ತನ್ನ ಬಿಸಿಯನ್ನು ಕಾಲಿಗೆ ಬೇಗ ದಾಟಿಸುವುದರಿಂದ. ಮುಂಜಾನೆ ಅಷ್ಟು ತಣ್ಣಗೆ ಅನ್ನಿಸುವುದಕ್ಕೂ ಇದೇ ಕಾರಣ, ಆಗ ಬಿಸಿ ಕಾಲಿನಿಂದ ಕಲ್ಲಿಗೆ ಹರಿಯುತ್ತಿರುತ್ತದೆ. ಇನ್ನೊಂದು ಸಂಗತಿಯನ್ನು ಹೆಚ್ಚಿನವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಊರು ಎರಡು ಬೆಟ್ಟಗಳ ನಡುವೆ ಇದೆ. ದೊಡ್ಡಬೆಟ್ಟದ ಮೆಟ್ಟಿಲು ಇಳಿಜಾರಿನ ಉತ್ತರದ ಮೈಮೇಲಿವೆ, ಚಿಕ್ಕಬೆಟ್ಟವನ್ನು ಹತ್ತುವುದು ದಕ್ಷಿಣದ ಕಡೆಯಿಂದ. ಡಿಸೆಂಬರ್, ಜನವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವಾಗ ದೊಡ್ಡಬೆಟ್ಟದ ಮೆಟ್ಟಿಲಿಗೆ ಬಿಸಿಲು ಓರೆಯಾಗಿ ಬೀಳುತ್ತದೆ, ಹನ್ನೊಂದರವರೆಗೂ ನಡೆಯಬಹುದು. ಏಪ್ರಿಲ್ ಕೊನೆಗೆ ಸೂರ್ಯ ನೆತ್ತಿಯ ಮೇಲೆಯೇ ಬರುವುದರಿಂದ ಆ ಅನುಕೂಲ ಇಲ್ಲ. ಆಗ ಒಂಬತ್ತೂವರೆಗೆ ಕೆಳಗಿಳಿದಿರಬೇಕು. ಸಂಜೆ ತಂಪಾದೀತು ಎಂದು ನಾಲ್ಕಕ್ಕೆ ಹೊರಡುವುದೂ ಮೋಸ. ಗಾಳಿ ತಣ್ಣಗಾದರೂ ಬಂಡೆ ದಿನವಿಡೀ ಕುಡಿದ ಬಿಸಿಲನ್ನು ನಿಧಾನವಾಗಿ ಬಿಡುತ್ತಿರುತ್ತದೆ.

ಪರೀಕ್ಷೆ ಸುಲಭ. ಬಿಸಿಲಲ್ಲಿರುವ ಮೆಟ್ಟಿಲಿಗೆ ಅಂಗೈಯ ಹಿಂಬದಿ ಒತ್ತಿ ಮನಸ್ಸಿನಲ್ಲೇ ಏಳು ಎಣಿಸಿ. ಕೈ ತಾನಾಗಿ ಹಿಂದೆ ಬಂದರೆ ಅವತ್ತಿನ ಮಟ್ಟಿಗೆ ಬೆಟ್ಟ ಬೇಡ. 60 ಡಿಗ್ರಿಯ ನೀರು ಸುಮಾರು ಐದು ಸೆಕೆಂಡಿನಲ್ಲಿ ಚರ್ಮವನ್ನು ಸುಡುತ್ತದೆ. ಅಂಗಾಲಿನ ಚರ್ಮ ದಪ್ಪ, ಹಾಗಾಗಿ ಸ್ವಲ್ಪ ಹೆಚ್ಚು ತಡೆದೀತು. ಆದರೆ 650 ಮೆಟ್ಟಿಲು ಇಳಿಯುವಷ್ಟು ಹೊತ್ತಲ್ಲ.

ಇನ್ನು ಸಾಕ್ಸ್. ಅರ್ಧ ಅಂಕ ಕೊಟ್ಟಿದ್ದು ಹತ್ತುವಾಗಿನ ನೆಮ್ಮದಿಗೆ, ಅರ್ಧ ಕಳೆದಿದ್ದು ಇಳಿಯುವಾಗಿನ ಅಪಾಯಕ್ಕೆ. ದಪ್ಪ ಹತ್ತಿಯ ಸಾಕ್ಸ್ ಹತ್ತು ಹದಿನೈದು ನಿಮಿಷ ಬಿಸಿ ತಡೆಯುತ್ತದೆ. ತೆಳು ನೈಲಾನಿನದು ಅಷ್ಟೂ ಇಲ್ಲ. ನುಣ್ಣಗಾದ ಮೆಟ್ಟಿಲ ಮೇಲೆ ಬಟ್ಟೆ ಜಾರುತ್ತದೆ, ಹತ್ತುವಾಗ ಇದು ಗೊತ್ತಾಗುವುದಿಲ್ಲ, ಇಳಿಯುವಾಗ ಮೈಭಾರ ಮುಂದಕ್ಕೆ ತಳ್ಳಿದಾಗ ಗೊತ್ತಾಗುತ್ತದೆ. ಬೆವರಿಗೆ ಒದ್ದೆಯಾದ ಸಾಕ್ಸ್ ಒಳಗೇ ಸುತ್ತಿಕೊಂಡು ಮುಂಗಾಲಿನ ಉಬ್ಬಿನ ಕೆಳಗೆ ಮಡಿಕೆ ಬೀಳುತ್ತದೆ. ಅಲ್ಲೇ ಬೊಬ್ಬೆ ಏಳುವುದು. ಮಳೆಗಾಲದಲ್ಲಂತೂ ಸಾಕ್ಸ್ ಹಾಕಲೇಬಾರದು. ಬೇಕೇ ಬೇಕೆಂದರೆ ತಳದಲ್ಲಿ ರಬ್ಬರ್ ಚುಕ್ಕೆಗಳಿರುವುದನ್ನು ಮನೆಯಿಂದಲೇ ತನ್ನಿ. ಮೇಲಿನ ಅಂಗಳದಲ್ಲಿ ಹಾಕಿಕೊಂಡು, ಇಳಿಯುವ ಮುನ್ನ ತೆಗೆದುಬಿಡಿ.

ಇಳಿಯುವುದೇ ನಿಜವಾದ ಕೆಲಸ. ಶೂ ಹಾಕಿ ಅಭ್ಯಾಸವಾದವರು ಹಿಮ್ಮಡಿಯನ್ನು ಧೊಪ್ಪೆಂದು ಊರುತ್ತಾರೆ. ಶೂನ ಮೆತ್ತೆ ಆ ಏಟನ್ನು ನುಂಗುತ್ತಿತ್ತು, ಕಲ್ಲು ನುಂಗುವುದಿಲ್ಲ. ನಾಲ್ಕುನೂರು ಮೆಟ್ಟಿಲಿನ ಹೊತ್ತಿಗೆ ಹಿಮ್ಮಡಿಯ ಕೊಬ್ಬಿನ ಮೆತ್ತೆ ಕಂದಿ, ಮಾರನೆಯ ಬೆಳಿಗ್ಗೆ ಮೊದಲ ಹೆಜ್ಜೆಗೇ ಚುಚ್ಚುತ್ತದೆ. ಮೊದಲು ಮುಂಗಾಲು, ಆಮೇಲೆ ಹಿಮ್ಮಡಿ, ಮಂಡಿ ಯಾವಾಗಲೂ ಸ್ವಲ್ಪ ಮಡಿಸಿ. ಪಾದವನ್ನು ಮೆಟ್ಟಿಲಿಗೆ ನೇರವಾಗಿ ಇಡದೆ ಕೊಂಚ ಓರೆಯಾಗಿಟ್ಟರೆ ಇಡೀ ಅಂಗಾಲಿಗೆ ಜಾಗ ಸಿಗುತ್ತದೆ. ಕಂಬಿ ಇರುವಲ್ಲಿ ಹಿಡಿಯಲು ನಾಚಿಕೆ ಬೇಡ. ಮೀನಖಂಡ ಮಾರನೆಯ ದಿನ ಬಿಗಿಯುವುದು ಸಹಜ: ಒಂದೆರಡು ಸೆಂಟಿಮೀಟರ್ ಎತ್ತರದ ಹಿಮ್ಮಡಿಯ ಮೇಲೆ ವರ್ಷಗಟ್ಟಲೆ ಬದುಕಿದ ಸ್ನಾಯು ಒಮ್ಮೆಗೇ ಪೂರ್ತಿ ಚಾಚಬೇಕಾಗುತ್ತದೆ.

ಬರಿಗಾಲ ನಡಿಗೆಯ ಅತ್ಯುತ್ತಮ ಸೂತ್ರವೊಂದು ಈ ಕ್ಷೇತ್ರದ ಪರಂಪರೆಯಲ್ಲೇ ಇದೆ. ಜೈನ ಮುನಿಗಳ ಐದು ಸಮಿತಿಗಳಲ್ಲಿ, ಅಂದರೆ ಎಚ್ಚರದ ನೇಮಗಳಲ್ಲಿ, ಮೊದಲನೆಯದು ಈರ್ಯಾಸಮಿತಿ: ಹಗಲು ಬೆಳಕಿನಲ್ಲಿ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ ನಡೆಯುವುದು. ಉದ್ದೇಶ ಕ್ರಿಮಿಕೀಟಗಳಿಗೆ ಹಿಂಸೆಯಾಗದಿರಲಿ ಎಂಬುದು. ಲಾಭ ಅಂಗಾಲಿಗೂ ಇದೆ. ನಾಲ್ಕು ಮೊಳ ಎಂದರೆ ಸುಮಾರು ಆರು ಅಡಿ, ಎರಡು ಮೂರು ಹೆಜ್ಜೆ. ಅದಕ್ಕಿಂತ ಹತ್ತಿರ ನೋಡಿದರೆ ಕುತ್ತಿಗೆ ಬಾಗುತ್ತದೆ, ದೂರ ನೋಡಿದರೆ ಗಾಜಿನ ಚೂರು ತಪ್ಪುತ್ತದೆ. ಮಳೆಗಾಲದ ನಾಲ್ಕು ತಿಂಗಳು ಒಂದೇ ಕಡೆ ನೆಲೆಸುವ ಚಾತುರ್ಮಾಸವೂ ಹಾಗೆಯೇ, ಒದ್ದೆ ನೆಲದ ಜೀವಿಗಳನ್ನು ತುಳಿಯಬಾರದೆಂದು. ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ 1946ರಲ್ಲಿ ಹುಟ್ಟಿದ ಜೈನ ಮುನಿ ಆಚಾರ್ಯ ವಿದ್ಯಾಸಾಗರರು 1968ರಲ್ಲಿ ದೀಕ್ಷೆ ಪಡೆದ ಮೇಲೆ 2024ರಲ್ಲಿ ತೀರಿಕೊಳ್ಳುವವರೆಗೂ ಉತ್ತರ, ಮಧ್ಯ ಭಾರತದ ದಾರಿಗಳನ್ನು ಈ ನೇಮದಲ್ಲೇ ನಡೆದರು. ಟಾರು ರಸ್ತೆಯಲ್ಲಿ ಅರ್ಧ ಕಿಲೋಮೀಟರ್ ನಡೆದು ನೋಡಿದವರಿಗೆ ಅದರ ಅಳತೆ ಗೊತ್ತಾದೀತು.

ಮೇಲೆ ಒದೆಗಲ್ಲು ಬಸದಿ, ತ್ಯಾಗದ ಬ್ರಹ್ಮದೇವರ ಕಂಬ, ಅಖಂಡ ಬಾಗಿಲು ದಾಟಿ ಒಳಗೆ ಹೋದಾಗ ಎಚ್ಚರವಿರಬೇಕಾದದ್ದು ಒಂದೇ ಕಡೆ, ಮೂರ್ತಿಯ ಪಾದದ ಹತ್ತಿರ. ಬೆಳಗಿನ ಪಾದಪೂಜೆಯ ಹೊತ್ತಿಗೆ ಅಲ್ಲಿ ನೆಲ ಒದ್ದೆ ಇರುತ್ತದೆ. ನುಣ್ಣನೆಯ ಕಲ್ಲಿಗೆ ನೀರು ಬಿದ್ದರೆ ಅಷ್ಟು ಹೊಗಳಿದ ಹಿಡಿತ ಮಾಯ. ಎಲ್ಲರ ಕಣ್ಣೂ 58 ಅಡಿ ಮೇಲಿರುವಾಗ ಜಾರುವುದು ಸುಲಭ.

ಚಿಕ್ಕಬೆಟ್ಟ, ಅಂದರೆ ಚಂದ್ರಗಿರಿಯ ಏರು ಸಣ್ಣದು, ಇನ್ನೂರರ ಒಳಗೆ ಮೆಟ್ಟಿಲು. ಆದರೆ ಅಂಗಾಲಿಗೆ ಇದೇ ಕಠಿಣ. ಜನ ಕಡಿಮೆ ಓಡಾಡುವುದರಿಂದ ಬಂಡೆ ಅಷ್ಟು ಸವೆದಿಲ್ಲ, ಬಸದಿಗಳ ನಡುವಿನ ನೆಲದಲ್ಲಿ ಗರಸು ಮಣ್ಣು, ಸಣ್ಣ ಹರಳು. ಹರಳು ಸಿಕ್ಕಲ್ಲಿ ಹೆಜ್ಜೆ ಚಿಕ್ಕದಾಗಲಿ, ಭಾರ ನಿಧಾನವಾಗಿ ಇಳಿಯಲಿ. ಬೇಗ ಬೇಗ ಎತ್ತಿ ಇಟ್ಟರೇ ಹೆಚ್ಚು ಚುಚ್ಚುವುದು. ಸಲ್ಲೇಖನದಿಂದ, ಅಂದರೆ ಉಪವಾಸದ ವ್ರತ ಹಿಡಿದು, ದೇಹ ಬಿಟ್ಟವರ ನೆನಪಿನ ಶಾಸನಗಳು ನೆಲದ ಬಂಡೆಯ ಮೇಲೇ ಇವೆ, ಅವನ್ನು ಬಳಸಿ ನಡೆಯಿರಿ. ದೊಡ್ಡಬೆಟ್ಟದ ನೂಕುನುಗ್ಗಲು ಇಲ್ಲದ ಈ ಬೆಟ್ಟವೇ ನಮ್ಮ ಆಯ್ಕೆ. ಕಾಲಿನ ಲೆಕ್ಕದಲ್ಲಿ ಮಾತ್ರ ಎರಡನೆಯ ಸ್ಥಾನ.

ಎರಡು ಬೆಟ್ಟಗಳ ನಡುವೆ ಕಲ್ಯಾಣಿಯ ಪಕ್ಕದ ಬೀದಿ ದಾಟಬೇಕು. ಅಲ್ಲಿ ಬರಿಗಾಲಿನ ಶೌರ್ಯ ಬೇಡ. ಕಪ್ಪು ಟಾರು ಬಿಸಿಲನ್ನು ಕಲ್ಲಿಗಿಂತ ಹೆಚ್ಚು ಹೀರುತ್ತದೆ, ಬೀದಿಯೆಂದ ಮೇಲೆ ಸೀಸೆಯ ಚೂರು, ಮೊಳೆ ಇದ್ದದ್ದೇ. ಹಾಗಾಗಿ ಹಳೆಯ ಹವಾಯಿ ಚಪ್ಪಲಿಯೇ ಸರಿಯಾದ ಜೋಡು: ಹಾಕಿ ತೆಗೆಯುವುದು ಸಲೀಸು, ಕಳೆದರೂ ಸಂಕಟವಿಲ್ಲ. ಎರಡನ್ನೂ ಬಣ್ಣದ ದಾರದಿಂದ ಕಟ್ಟಿ ಬಿಡಿ. ರಜಾದಿನ ರಾಶಿಯಲ್ಲಿ ಹುಡುಕುವ ಹತ್ತು ನಿಮಿಷ ಉಳಿಯುತ್ತದೆ. ಹತ್ತಲಾಗದ ಹಿರಿಯರಿಗೆ ದೊಡ್ಡಬೆಟ್ಟದಲ್ಲಿ ಡೋಲಿ ಇದೆ. ಹೋಗಿ ಬರುವುದಕ್ಕೆ ಸೇರಿ ಎಷ್ಟೆಂದು ಕೆಳಗೇ ಮಾತಾಡಿಕೊಳ್ಳಿ.

ಡೋಲಿಯಲ್ಲಿ ಕೂರಲೇಬೇಕಾದವರು, ಅಥವಾ ಬರಲೇಬಾರದವರು ಯಾರೆಂದರೆ ಕಾಲಿನ ಸ್ಪರ್ಶ ಮಂದವಾದ ಮಧುಮೇಹಿಗಳು. ಸುಡುವ ಕಲ್ಲು ಅವರಿಗೆ ಬೆಚ್ಚಗಷ್ಟೇ ಅನ್ನಿಸುತ್ತದೆ. ಬೊಬ್ಬೆ ಕಾಣುವುದು ರಾತ್ರಿ, ಹುಣ್ಣು ಮಾಯಲು ತಿಂಗಳುಗಳು. ಇಲ್ಲಿ ಭಕ್ತಿ, ಹಟ ಯಾವುದೂ ಕೆಲಸಕ್ಕೆ ಬರುವುದಿಲ್ಲ. ಹಿಮ್ಮಡಿ ಆಳವಾಗಿ ಸೀಳಿ ರಕ್ತ ಬರುತ್ತಿರುವವರೂ ಮೊದಲು ಅದನ್ನು ಮಾಗಿಸಿಕೊಂಡು ಬರಲಿ. ಧನುರ್ವಾತದ ಚುಚ್ಚುಮದ್ದು ಹತ್ತು ವರ್ಷದೊಳಗಿನದ್ದಿರಬೇಕು. ಮಣ್ಣು ಹೊಕ್ಕ ಗಾಯವಾದರೆ ಐದು ವರ್ಷ ದಾಟಿದ್ದರೂ ವೈದ್ಯರನ್ನು ಕೇಳಿ. ಕೊಕ್ಕೆಹುಳುವಿನ ಭಯ ಬಂಡೆಯ ಮೇಲಿಲ್ಲ. ಅದರ ಮರಿ ಅಂಗಾಲು ಹೊಕ್ಕುವುದು ಮಲದಿಂದ ಕೆಟ್ಟ ಒದ್ದೆ ಮಣ್ಣಿನಲ್ಲಿ.

ಮಕ್ಕಳನ್ನು ಮಾತ್ರ ಧಾರಾಳವಾಗಿ ಕರೆತನ್ನಿ. ಕರಾವಳಿಯ ಕಸ್ತೂರಬಾ ವೈದ್ಯಕೀಯ ಕಾಲೇಜಿನ ವೈದ್ಯರು 2300 ಮಕ್ಕಳ ಹೆಜ್ಜೆ ಗುರುತು ತೆಗೆದು 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಾದರಕ್ಷೆ ಹಾಕುವವರಲ್ಲಿ ಶೇ. 8.6 ಮಂದಿಗೆ ಚಪ್ಪಟೆ ಪಾದವಿತ್ತು, ಬರಿಗಾಲಲ್ಲಿ ಬೆಳೆದವರಲ್ಲಿ ಶೇ. 2.8 ಮಾತ್ರ. ಒಂದು ಬೆಟ್ಟ ಹತ್ತಿದ್ದಕ್ಕೆ ಕಾಲಿನ ಕಮಾನು ಏಳುವುದಿಲ್ಲ, ನಿಜ. ಆದರೆ ಬರಿಗಾಲೆಂದರೆ ಬಡತನ ಎಂದು ಮೂಗು ಮುರಿಯುವ ತಂದೆತಾಯಿಗೆ ಈ ಅಂಕಿ ಹೇಳಲಿಕ್ಕೆ ಚೆನ್ನ.

ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲಿಗೆ ಹೋಲಿಸುವವರಿದ್ದಾರೆ. ಅಲ್ಲಿ ಚಪ್ಪಲಿ ಬಿಡುವುದು ಹರಕೆಯವರ ಇಷ್ಟ. ಮರದ ನೆರಳು ಹೆಚ್ಚು, ಹಾಗಾಗಿ ಕಲ್ಲು ಕಾಯುವುದು ಕಡಿಮೆ. ಆದರೆ ಮೆಟ್ಟಿಲು ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚುವ ಪದ್ಧತಿಯಿಂದ ಇಬ್ಬನಿ ಬಿದ್ದ ಬೆಳಿಗ್ಗೆ ಅಂಚು ಜಾರುತ್ತದೆ, ಅಂಗಾಲು ಎರಡು ದಿನ ಕೆಂಪಾಗಿರುತ್ತದೆ. ಕಲ್ಲಿನ ಹಿಡಿತಕ್ಕೆ ಬೆಳಗೊಳವೇ ಮೇಲು.

ತಯಾರಿಗೆ ಎರಡು ವಾರ ಸಾಕು. ಮೊದಲ ನಾಲ್ಕು ದಿನ ತಾರಸಿಯ ಸಿಮೆಂಟಿನ ಮೇಲೆ ಹತ್ತು ನಿಮಿಷ, ಆಮೇಲೆ ಬೆಳಗಿನ ರಸ್ತೆಯಲ್ಲಿ ಇಪ್ಪತ್ತು, ಕೊನೆಯ ದಿನಗಳಲ್ಲಿ ಪಾರ್ಕಿನ ಗರಸಿನ ಮೇಲೆ. ಉಗುರನ್ನು ಮೂರು ದಿನ ಮೊದಲೇ ಕತ್ತರಿಸಿ, ಹಿಂದಿನ ದಿನ ಕತ್ತರಿಸಿದರೆ ಹಸಿ ಅಂಚು ಎಡವಿದಾಗ ನೋಯುತ್ತದೆ. ಹಿಂದಿನ ರಾತ್ರಿ ಕಾಲನ್ನು ಬಿಸಿನೀರಲ್ಲಿ ನೆನೆಸುವ ಸುಖವೂ ಬೇಡ, ಮೆತ್ತಗಾದ ಚರ್ಮಕ್ಕೆ ಬೊಬ್ಬೆ ಬೇಗ. ಅದನ್ನು ವಾಪಸಾದ ಮೇಲೆ ಮಾಡಿ: ತೊಳೆದು, ಬೆರಳ ಸಂದು ಒರೆಸಿ, ಬೆಳಕಿನಲ್ಲಿ ಅಂಗಾಲು ತಿರುವಿ ಮುಳ್ಳು, ಹರಳು ಉಳಿದಿದೆಯೇ ನೋಡಿ, ಹಿಮ್ಮಡಿಗೆ ಹರಳೆಣ್ಣೆ ತಿಕ್ಕಿ. ಬೆಟ್ಟದಲ್ಲಿ ಕೊಂಡ ಆ ಸಾಕ್ಸನ್ನು ಈಗ ಹಾಕಿ ಮಲಗಬಹುದು, ಎಣ್ಣೆ ಹಾಸಿಗೆಗೆ ತಾಗುವುದಿಲ್ಲ.