ಡ್ರೈಯರ್ ಹೀಟರ್‌ಗೆ ಬರೀ ಎಸ್‌ಎಸ್‌ಆರ್ ಹಾಕಿಕೊಟ್ಟರೆ ಒಪ್ಪಬೇಡಿ

ಕೊಯ್ಲಿನ ಹೊತ್ತಿಗೆ ಮಳೆ ಬಂದರೆ ಕಣದಲ್ಲಿ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ತೆಗೆದ ಕಾಫಿ ಬೀಜ, ಒಣಗುವುದಿಲ್ಲ. ಅದಕ್ಕೇ ನಮ್ಮ ಮೂಡಿಗೆರೆ ಕಡೆ ಕರೆಂಟ್ ಡ್ರೈಯರ್ ಮಾಡಿಸುವ ಯೋಚನೆ ಯಾರಿಗಾದರೂ ಇದ್ದರೆ, ಮೊದಲು ಇದನ್ನು ಓದಿ.

ನಮ್ಮದು 12 ಕಿಲೋವ್ಯಾಟ್ ತ್ರೀ ಫೇಸ್ ಹೀಟರ್. ಹಾಸನದಲ್ಲಿ ಅದರ ಕಂಟ್ರೋಲ್ ಪ್ಯಾನಲ್ ಮಾಡಿಸಿದೆವು. "ಕಾಂಟ್ಯಾಕ್ಟರ್ ಸುಮ್ನೆ ಟಕಟಕ ಅಂತಿರುತ್ತೆ, ಪಾಯಿಂಟ್ ಸುಟ್ಟುಹೋಗುತ್ತೆ. ಎಸ್‌ಎಸ್‌ಆರ್ ಹಾಕ್ತೀನಿ ಸಾರ್" ಅಂದರು ಪ್ಯಾನಲ್ ಮಾಡಿದವರು. ಕಾಂಟ್ಯಾಕ್ಟರ್ ಅಂದರೆ ಕಾಯಿಲ್ ಎಳೆದು ಪಾಯಿಂಟ್ ಕೂಡಿಸುವ ಸ್ವಿಚ್; ಎಸ್‌ಎಸ್‌ಆರ್ ಅಂದರೆ ಸಾಲಿಡ್ ಸ್ಟೇಟ್ ರಿಲೇ, ಪಾಯಿಂಟೇ ಇಲ್ಲದ ಎಲೆಕ್ಟ್ರಾನಿಕ್ ಸ್ವಿಚ್. ಮಾತು ಸುಳ್ಳಲ್ಲ. ಪದೇಪದೇ ಆನ್ ಆಫ್ ಮಾಡುವ ಕೆಲಸಕ್ಕೆ ಎಸ್‌ಎಸ್‌ಆರೇ ಸರಿ. ಆದರೆ ಅದು ಕೆಡುವುದು ಹೇಗೆ ಅಂತ ಹೇಳಲಿಲ್ಲ. ಸಾಮಾನ್ಯವಾಗಿ ಅದು ಶಾರ್ಟ್ ಆಗಿ ಕೆಡುತ್ತದೆ. ಆಮೇಲೆ ಆಫ್ ಆಗುವುದೇ ಇಲ್ಲ.

ಒಂದು ರಾತ್ರಿ ಅದೇ ಆಯಿತು. ಕಂಟ್ರೋಲರ್‌ನಲ್ಲಿ ಇಟ್ಟಿದ್ದು 45 ಡಿಗ್ರಿ, ಆಳು ನೋಡಿದಾಗ 80 ದಾಟಿತ್ತು. ಎಸ್‌ಎಸ್‌ಆರ್ ಮೇಲಿನ ದೀಪ ಆರಿಯೇ ಇತ್ತು. ಕಂಟ್ರೋಲರ್‌ನಿಂದ ಸಿಗ್ನಲ್ ಬಂದಿದೆಯಾ ಅಂತ ಮಾತ್ರ ಆ ದೀಪ ತೋರಿಸುತ್ತದೆ, ಹೀಟರ್‌ಗೆ ಕರೆಂಟ್ ಹೋಗುತ್ತಿದೆಯಾ ಅಂತ ಅಲ್ಲ. ಆ ಲೋಡ್ ಕಾಫಿ ಪೂರ್ತಿ ಹಾಳು. ಬೆಂಕಿ ಹತ್ತಲಿಲ್ಲ, ಅದೇ ಪುಣ್ಯ.

ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಯಾಕೆ ಬೀಳಲಿಲ್ಲ ಅಂತ ಎಲ್ಲರೂ ಕೇಳುತ್ತಾರೆ. ಖರ್ಚು ಉಳಿಸಲು ಎರಡೇ ಫೇಸ್‌ಗೆ ಎಸ್‌ಎಸ್‌ಆರ್ ಹಾಕಿ, ಮೂರನೆಯದನ್ನು ನೇರ ಕೊಟ್ಟಿದ್ದರು. ಹೀಗೆ ಮಾಡುವ ರೂಢಿ ಇದೆ, ಹೀಟರ್ ಸರಿಯಾಗೇ ನಡೆಯುತ್ತದೆ. ಆದರೆ ಒಂದು ಎಸ್‌ಎಸ್‌ಆರ್ ಶಾರ್ಟ್ ಆದರೆ ಸಾಕು, ಎರಡು ಫೇಸ್ ಮಧ್ಯೆ ಅರ್ಧ ಶಕ್ತಿ, ಅಂದರೆ 6 ಕಿಲೋವ್ಯಾಟ್ ಹರಿಯುತ್ತಲೇ ಇರುತ್ತದೆ. 415 ವೋಲ್ಟ್‌ನಲ್ಲಿ ಅದು ಸುಮಾರು 14.5 ಆಂಪಿಯರ್. ಮಾಮೂಲಿ ಓಡುವಾಗ ಲೈನಿಗೆ 16.7 ಆಂಪಿಯರ್. ಮಾಮೂಲಿಗಿಂತ ಕಡಿಮೆ ಕರೆಂಟಿಗೆ ಎಂಸಿಬಿ ಯಾಕೆ ಬೀಳಬೇಕು ಹೇಳಿ?

ಇದಕ್ಕಿಂತ ಭಯದ ವಿಷಯ ಇನ್ನೊಂದಿದೆ. ಎರಡು ಎಸ್‌ಎಸ್‌ಆರ್ ಚೆನ್ನಾಗಿದ್ದು ಆಫ್ ಇದ್ದರೂ ಆ ಮೂರನೇ ಫೇಸ್ ಹೀಟರ್ ಟರ್ಮಿನಲ್‌ನಲ್ಲಿ ಇದ್ದೇ ಇರುತ್ತದೆ. ಕಂಟ್ರೋಲರ್ ಆಫ್ ಮಾಡಿದೆ ಅಂತ ಯಾರಾದರೂ ಒಳಗೆ ಕೈ ಹಾಕಿದರೆ ಮುಗಿಯಿತು. ಮೇನ್ ತೆಗೆಯದೆ ಮುಟ್ಟಬೇಡಿ.

ಕೆಟ್ಟಿದ್ದು ಯಾಕೆ ಅಂತ ಪೆಟ್ಟಿಗೆ ತೆಗೆದಾಗಲೇ ಗೊತ್ತಾಯಿತು. ಎಸ್‌ಎಸ್‌ಆರ್‌ನಲ್ಲಿ ಒಂದು ಆಂಪಿಯರ್‌ಗೆ ಹೆಚ್ಚುಕಡಿಮೆ ಒಂದರಿಂದ ಒಂದೂವರೆ ವ್ಯಾಟ್ ಶಾಖ ಬರುತ್ತದೆ. ಎರಡಕ್ಕೂ ಸೇರಿ 40 ವ್ಯಾಟ್ ಹತ್ತಿರ. ಪೆಟ್ಟಿಗೆಗೆ ಫ್ಯಾನ್ ಇಲ್ಲ, ಗಾಳಿ ಕಿಂಡಿ ಇಲ್ಲ, ಶಾಖ ಹೊರಹಾಕುವ ಲೋಹದ ಹೀಟ್ ಸಿಂಕ್ ಅಂಗೈಯಷ್ಟು, ಅದಕ್ಕೆ ಶಾಖ ದಾಟಿಸುವ ಪೇಸ್ಟ್ ಕೂಡ ಸವರಿರಲಿಲ್ಲ. ಎಸ್‌ಎಸ್‌ಆರ್ ಮೈಮೇಲೆ 40 ಆಂಪಿಯರ್ ಅಂತ ಬರೆದಿರುವುದು ಸರಿಯಾದ ಹೀಟ್ ಸಿಂಕ್ ಇದ್ದರೆ ಮಾತ್ರ ಲೆಕ್ಕಕ್ಕೆ. ನಕಲಿ ಮಾಲಿಗೆ ಆ ಲೆಕ್ಕವೂ ಇಲ್ಲ.

ಈಗ ಬೇರೆಯವರಿಂದ ಎಸ್‌ಎಸ್‌ಆರ್‌ಗಿಂತ ಮುಂಚೆ ಮೂರೂ ಫೇಸ್ ಕಡಿಯುವ ಕಾಂಟ್ಯಾಕ್ಟರ್ ಹಾಕಿಸಿದ್ದೇವೆ. ಅದರ ಕಾಯಿಲ್‌ಗೆ ಹೋಗುವ ವೈರ್ ಬಿಸಿ ಮಿತಿ ಮೀರಿದರೆ ಕರೆಂಟ್ ಕಡಿಯುವ ಬೇರೆಯದೇ ಲಿಮಿಟ್ ಥರ್ಮೋಸ್ಟಾಟ್ ಮೂಲಕ ಹೋಗುತ್ತದೆ. ಅದಕ್ಕೆ ಅದರದ್ದೇ ಸೆನ್ಸರ್, ಒಮ್ಮೆ ಬಿದ್ದರೆ ಕೈಯಿಂದಲೇ ರೀಸೆಟ್ ಮಾಡಬೇಕು. ಕಾಂಟ್ಯಾಕ್ಟರ್ ದಿನಕ್ಕೆ ಒಂದೆರಡು ಸಲ ಬಿದ್ದೇಳುವುದರಿಂದ ಪಾಯಿಂಟ್ ಸುಡುವ ಮಾತೂ ಇಲ್ಲ. ಕೊಯ್ಲಿಗೆ ಮುಂಚೆ ಆ ಥರ್ಮೋಸ್ಟಾಟ್‌ನ ಡಿಗ್ರಿಯನ್ನು ಬೇಕೆಂದೇ ಕೆಳಗಿಳಿಸಿ, ಕಾಂಟ್ಯಾಕ್ಟರ್ ನಿಜಕ್ಕೂ ಬೀಳುತ್ತದಾ ಅಂತ ಒಮ್ಮೆ ನೋಡಿಕೊಳ್ಳಿ.