ಪಿಯಾನೋ ತಂತಿಗಳ ಮೇಲೆ ಮಣಿಸರ

ಹನ್ನೆರಡು ವರ್ಷ ವೀಣೆ ಕಲಿತವಳು ನಾನು. ಪಿಯಾನೋ ಕೇಳಿದಾಗಲೆಲ್ಲ ಏನೋ ಕೊರತೆ ಅನ್ನಿಸುತ್ತಿತ್ತು: ಒತ್ತಿದ ಸ್ವರ ಒತ್ತಿದಲ್ಲೇ ನಿಲ್ಲುತ್ತದೆ, ಗಮಕಕ್ಕೆ ಎಡೆಯೇ ಇಲ್ಲ. ಅಜರ್‌ಬೈಜಾನಿನ ಸಂಗೀತ ಸಂಯೋಜಕಿ ಫ್ರಂಗಿಜ್ ಅಲಿಜಾದೆ ಅವರ ರಚನೆಗಳನ್ನು ಅಮೆರಿಕದ ತಂತಿವಾದ್ಯ ತಂಡ ಕ್ರೋನೋಸ್ ಕ್ವಾರ್ಟೆಟ್ ನುಡಿಸಿರುವ 'ಮುಗಾಮ್ ಸಾಯಾಗಿ' ಆಲ್ಬಂ ಕೇಳಿದ ಮೇಲೆ ಆ ಅಭಿಪ್ರಾಯ ಬಿಟ್ಟುಕೊಟ್ಟೆ. ಬಂದದ್ದು 2005ರಲ್ಲಿ, ನನ್ನ ಕೈಗೆ ಸಿಕ್ಕಿದ್ದು ತೀರ ಈಚೆಗೆ.

ಪಿಯಾನೋಗೆಂದೇ ಬರೆದ ರಚನೆಯೊಂದು ಇದರಲ್ಲಿದೆ. ಅದಕ್ಕಾಗಿ ವಾದ್ಯದೊಳಗಿನ ತಂತಿಗಳ ಮೇಲೆ ಗಾಜಿನ ಮಣಿಸರ ಹಾಸುತ್ತಾರೆ. ಸರ ತಾಗಿದ ನಡುಸ್ಥಾಯಿಯ ಸ್ವರಗಳೆಲ್ಲ ಝಲ್ಲನೆ ಅದುರಿ, ಅಜರ್‌ಬೈಜಾನಿನ ಮೀಟುವಾದ್ಯ 'ತಾರ್' ನೆನಪಿಗೆ ಬರುತ್ತದೆ. ಆಚೀಚಿನ ಸ್ವರಗಳು ಮಾತ್ರ ಅಪ್ಪಟ ಪಿಯಾನೋ. ಸ್ವರ ಜಾರುವುದಿಲ್ಲ, ನಿಜ. ಆದರೆ ಅದಕ್ಕೆ ಉಸಿರು ಬಂದಿದೆ. ಇದೊಂದನ್ನೇ ನಾನು ಐದಾರು ಸಲ ಕೇಳಿದ್ದೇನೆ.

ಮುಗಾಮ್ ಅಂದರೆ ಅಜರ್‌ಬೈಜಾನಿನ ಮನೋಧರ್ಮ ಸಂಗೀತ. ಗಾಯಕರ ಜೊತೆ ತಾರ್, ಮತ್ತೆ ಕಮಾನಿನಿಂದ ನುಡಿಸುವ ಕಮಾಂಚ. ನಮ್ಮ ಆಲಾಪನೆ ಬಲ್ಲವರಿಗೆ ಅದರ ನಿಧಾನ ಹೊಸದೇನಲ್ಲ. 1947ರಲ್ಲಿ ರಾಜಧಾನಿ ಬಾಕುವಿನಲ್ಲಿ ಹುಟ್ಟಿದ ಅಲಿಜಾದೆ ಕಲಿತದ್ದು ಸಂಯೋಜಕ ಕಾರಾ ಕರಾಯೆವ್ ಬಳಿ; ಆ ಗುರು ರಷ್ಯದ ಹೆಸರಾಂತ ಸಂಯೋಜಕ ಶೋಸ್ತಕೋವಿಚ್ ಶಿಷ್ಯರು. ಸೋವಿಯತ್ ಕಾಲದಲ್ಲೇ ಈಕೆ ಪಶ್ಚಿಮದ ಆಧುನಿಕ ಸಂಯೋಜಕರಾದ ಶೋನ್‌ಬರ್ಗ್, ಮೆಸಿಯಾನ್‌ರ ಕೃತಿಗಳನ್ನು ಬಾಕುವಿನಲ್ಲಿ ನುಡಿಸಿದವರು. 1979ರಲ್ಲಿ ಕಮಾಂಚ ವಿದ್ವಾಂಸ ಹಬೀಲ್ ಅಲಿಯೆವ್ ಅವರ ಶೈಲಿಯನ್ನು ಚೆಲ್ಲೋ, ಪಿಯಾನೋಗಳಿಗೆ ತಂದರು. ಜಾನಪದ ಧಾಟಿಯೊಂದನ್ನು ಎತ್ತಿ ಪಾಶ್ಚಾತ್ಯ ವಾದ್ಯಕ್ಕೆ ಅಂಟಿಸುವ ಸುಲಭದ ದಾರಿ ಅವರದಲ್ಲ. ವಾದ್ಯಕ್ಕೇ ಮುಗಾಮ್ ಕಲಿಸುತ್ತಾರೆ.

ಶೀರ್ಷಿಕೆಯ ರಚನೆ 1993ರದು, ಕ್ರೋನೋಸ್‌ಗಾಗಿಯೇ ಬರೆದದ್ದು. ಚೆಲ್ಲೋ ಒಂಟಿಯಾಗಿ, ತೀರ ಮೆಲ್ಲಗೆ ಶುರುವಾಗುತ್ತದೆ. ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಕೇಳಬೇಡಿ, ಆ ಆರಂಭ ಎಂಜಿನ್ ಸದ್ದಿನಲ್ಲಿ ಕಳೆದೇ ಹೋಗುತ್ತದೆ. 'ಓಯಸಿಸ್'ನಲ್ಲಿ ನೀರಿನ ಹನಿಗಳ ಧ್ವನಿಮುದ್ರಿಕೆಯೂ ಸೇರಿದೆ. ಚೆಂದವಿದೆ, ನನಗೆ ತುಸು ಉದ್ದವಾಯಿತು. 'ಅಬ್ಶೆರಾನ್ ಕ್ವಿಂಟೆಟ್'ನ ಪಿಯಾನೋ ಸ್ವತಃ ಅಲಿಜಾದೆಯವರದು, ಅಲ್ಲಿ ಬೆರಳುಗಳ ಬಿರುಸು ಬೇರೆಯೇ.

ವೀಣೆ, ಪಿಟೀಲು ಕಲಿಯುತ್ತಿರುವ ಮಕ್ಕಳಿದ್ದರೆ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಮಣಿಸರದ ವಿಷಯ ಮೊದಲೇ ಹೇಳಬೇಡಿ. ಯಾವ ವಾದ್ಯ ಅಂತ ಕೇಳಿ ನೋಡಿ.